ಮೂರನೇ ಏಟು

ಸೂಲಿಬೆಲೆಗೆ ಹತ್ತಿರದ ಒಂದು ಸಣ್ಣ ಊರು ಮುನಿವೆಂಕಟಮ್ಮನದು. ಎರಡು ಎಕರೆ ಹೊಲ, ಮೂರು ಸೀಮೆಹಸು, ಮನೆಯ ಮಗ್ಗುಲಿಗೇ ಶೀಟು ಹೊದಿಸಿದ ಕೊಟ್ಟಿಗೆ. ಗಂಡ ವೆಂಕಟರಾಯಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಒಬ್ಬನೇ ಮಗ ಕೆಂಪರಾಜ್ ಹೊಸಕೋಟೆ ಕಡೆಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೈಕು ಹತ್ತಿದನೆಂದರೆ ಬೀದಿಯ ಹೆಂಗಸರು, "ನಿನ್ನ ಮಗ ಬಂಗಾರ ಕಣಕ್ಕಾ" ಅನ್ನುತ್ತಿದ್ದರು. ಮುನಿವೆಂಕಟಮ್ಮ ಹೂಂ ಅಂದು ಸುಮ್ಮನಾಗುತ್ತಿದ್ದಳು. ಆ ಬಂಗಾರ ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದುದು ಅವಳೊಬ್ಬಳಿಗೇ ಗೊತ್ತಿತ್ತು.

ಸೊಸೆ ಅರ್ಪಿತ ದೇವನಹಳ್ಳಿ ಕಡೆಯ ನಲ್ಲೂರಿನವಳು, ಪಿಯುಸಿ ಓದಿದ್ದಳು. ಮದುವೆಯಾದ ಎರಡನೇ ವರ್ಷಕ್ಕೆ ಏಟು ಶುರುವಾಯಿತು. ಮೊದಲ ಸಲ ತುಟಿ ಒಡೆದುಕೊಂಡು ಅಡುಗೆಮನೆಗೆ ಬಂದಾಗ ಮುನಿವೆಂಕಟಮ್ಮ ಅರಿಶಿನ ಹಚ್ಚಿ, "ಅವನಿಗೆ ಕೋಪ ಜಾಸ್ತಿ ಕಣಮ್ಮ. ಎದುರು ಮಾತಾಡಬೇಡ, ಸರಿಹೋಗ್ತಾನೆ" ಅಂದಿದ್ದಳು. ಎರಡನೇ ಸಲವೂ ಅದನ್ನೇ ಹೇಳಿದಳು. ಮೂರನೇ ಸಲ ಏನೂ ಹೇಳಲಿಲ್ಲ. ಒಳಗೆ ಸದ್ದು ಕೇಳಿದ ಕೂಡಲೇ ಎದ್ದು ಕೊಟ್ಟಿಗೆಗೆ ಹೋಗಿ, ಬೇಕಿಲ್ಲದಿದ್ದರೂ ಹಸುಗಳಿಗೆ ಇನ್ನೊಂದು ಹೊರೆ ಹುಲ್ಲು ಹಾಕುತ್ತಾ ನಿಂತುಬಿಟ್ಟಳು.

ಅವಳೂ ಗಂಡನಿಂದ ಏಟು ತಿಂದವಳೇ. ಮೂವತ್ತು ವರ್ಷದ ಹಿಂದೆ ವೆಂಕಟರಾಯಪ್ಪ ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ತಂದಾಗ ಅವಳ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಕಾಳು ಮೊರಕ್ಕೆ ಬೀಳುವ ಸದ್ದು ಒಂದೇ ಸಮನೆ ಕೇಳುತ್ತಲೇ ಇತ್ತು. ಅದನ್ನು ಮುನಿವೆಂಕಟಮ್ಮ ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಹುಲ್ಲಿನ ಹೊರೆ ಬಿಚ್ಚುವಾಗ ಮಾತ್ರ, ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ ಅನ್ನುವುದು ಅವಳಿಗೆ ತಿಳಿಯುತ್ತಿತ್ತು.

ಅರ್ಪಿತ ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ನೋಡುವುದು, ಚೀಟಿ ಕೊಡುವುದು. ಮೊದಮೊದಲು ಕೆಂಪರಾಜನಿಗೂ ಅದು ಒಪ್ಪಿಗೆಯೇ ಆಗಿತ್ತು. ಆಮೇಲೆ ಹತ್ತು ನಿಮಿಷ ಯಾಕೆ ತಡ, ಫೋನು ಮಾಡಿದ್ದು ಯಾರು, ನಗುತ್ತಿದ್ದೆಯಂತೆ, ಯಾರ ಜೊತೆ ಅನ್ನುವುದು ಶುರುವಾಯಿತು. ರಾತ್ರಿ ಮಲಗುವ ಮುಂಚೆ ಅವಳ ಫೋನು ಇಸಿದುಕೊಂಡು ಒಂದೊಂದೇ ನಂಬರು ನೋಡುತ್ತಿದ್ದ.

ಅದು ಜನವರಿ ತಿಂಗಳ ಒಂದು ಬುಧವಾರ. ಮಂಜು ದಟ್ಟವಾಗಿ ಕವಿದಿದ್ದರಿಂದ ಡೈರಿಗೆ ಹಾಲಿನ ಲಾರಿ ತಡವಾಗಿ ಬಂತು. ಅರ್ಪಿತ ಮನೆಗೆ ಬಂದಾಗ ಎಂಟೂವರೆ ದಾಟಿತ್ತು. ಕೆಂಪರಾಜ್ ಕೆಲಸಕ್ಕೆ ಹೋಗದೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ. ಮುನಿವೆಂಕಟಮ್ಮ ಹಿತ್ತಲಲ್ಲಿ ಸೌದೆ ಜೋಡಿಸುತ್ತಿದ್ದಳು. ನಾಲ್ಕು ವರ್ಷದ ಮೊಮ್ಮಗಳು ಒಳಗೆ ಇನ್ನೂ ಮಲಗಿದ್ದಳು.

"ಎಲ್ಲಿದ್ದೆ?"

"ಲಾರಿ ಲೇಟು ಕಣ್ರೀ. ಮಂಜು ನೋಡ್ಲಿಲ್ವಾ?" ಅಂದಳು ಅರ್ಪಿತ, ಕ್ಯಾನು ತೊಳೆಯಲು ಬಗ್ಗುತ್ತಾ.

"ಫೋನ್ ಕೊಡಿಲ್ಲಿ."

"ಕೊಡಲ್ಲ."

ಹಿತ್ತಲಲ್ಲಿದ್ದ ಮುನಿವೆಂಕಟಮ್ಮನ ಕೈ ನಿಂತಿತು. ಐದು ವರ್ಷದಲ್ಲಿ ಆ ಹುಡುಗಿಯ ಬಾಯಿಂದ ಆ ಮಾತನ್ನು ಅವಳು ಕೇಳಿರಲಿಲ್ಲ. ಆಮೇಲೆ ಕ್ಯಾನು ಉರುಳಿದ ಸದ್ದು, ಹಸು ಹಗ್ಗ ಜಗ್ಗಿದ ಸದ್ದು. ಬಳಿಕ ಯಾವ ಸದ್ದೂ ಇಲ್ಲ. ಅಷ್ಟು ವರ್ಷ ಸದ್ದು ಕೇಳಿ ದೂರ ಹೋಗುತ್ತಿದ್ದವಳನ್ನು ಅವತ್ತು ಆ ಮೌನ ಓಡಿಬರುವಂತೆ ಮಾಡಿತು.

ಅರ್ಪಿತ ಗೋದಲಿಯ ಪಕ್ಕದಲ್ಲಿ ಅಂಗಾತ ಬಿದ್ದಿದ್ದಳು. ಕೆಂಪರಾಜ್ ಅವಳ ಎದೆಯ ಮೇಲೆ ಮೊಣಕಾಲೂರಿ, ಎರಡೂ ಕೈಯಲ್ಲಿ ಕುತ್ತಿಗೆ ಹಿಸುಕುತ್ತಿದ್ದ. "ಲೋ, ಬಿಡೋ! ಬಿಡೋ ಅವಳನ್ನ!" ಎಂದು ಮುನಿವೆಂಕಟಮ್ಮ ಕಿರುಚಿದಳು. ಹೋಗಿ ಮಗನ ತೋಳು ಹಿಡಿದು ಎಳೆದಳು. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ನೂಕಿದ. ಅವಳು ಹೋಗಿ ಗೋಡೆಗೆ ಬಡಿದುಕೊಂಡಳು. ಎದ್ದಾಗ ಅವಳ ಕಣ್ಣಿಗೆ ಬಿದ್ದದ್ದು ಸೊಸೆಯ ಕಾಲು. ಆ ತನಕ ನೆಲ ಒದೆಯುತ್ತಿದ್ದ ಕಾಲು ಸುಮ್ಮನಾಗುತ್ತಿತ್ತು.

ಸಗಣಿ ಬಾಚುವ ಸನಿಕೆ ಗೋಡೆಗೆ ಒರಗಿತ್ತು. ಎತ್ತಿಕೊಂಡಳು. ಕಬ್ಬಿಣದ ತುದಿಯನ್ನು ತನ್ನ ಅಂಗೈಯಲ್ಲಿ ಹಿಡಿದು, ಮರದ ಕಾವಿನಿಂದ ಮಗನ ಬೆನ್ನಿಗೆ ಒಂದು ಏಟು ಹಾಕಿದಳು. ಅವನು ಬಿಡಲಿಲ್ಲ. ಎರಡನೇ ಏಟು ಬಲಗೈಯ ಮೇಲೆ ಬಿತ್ತು. ಮೂಳೆ ಮುರಿದದ್ದು ಅವಳ ಕೈಗೇ ಗೊತ್ತಾಯಿತು. ಅವನು ಕೂಗಿಕೊಂಡು ಪಕ್ಕಕ್ಕೆ ಉರುಳಿದ. ಮೂರನೇ ಏಟಿಗೆ ಅವಳು ಸನಿಕೆ ಎತ್ತಿದ್ದಳು. ಅವನ ಕೈ ಕುತ್ತಿಗೆ ಬಿಟ್ಟಿದ್ದು ಕಂಡು ಹಾಗೇ ಕೆಳಗಿಳಿಸಿದಳು.

ಕೆಂಪರಾಜ್ ಕೈ ಹಿಡಿದುಕೊಂಡು ತಾಯಿಯ ಮುಖ ನೋಡಿದ. "ಅಮ್ಮಾ, ನೀನಾ?" ಅಂದ. ಅರ್ಪಿತ ಕೆಮ್ಮಿದಳು. ಮುನಿವೆಂಕಟಮ್ಮ ಸನಿಕೆ ಬಿಸಾಕಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೊಸೆಯ ಕೆನ್ನೆಯ ಮೇಲೆಲ್ಲ ರಕ್ತ ಹತ್ತಿದ್ದು ಕಂಡು ಗಾಬರಿಯಾದಳು. ಅದು ತನ್ನದೇ ಅಂಗೈಯ ರಕ್ತ.

ಅಕ್ಕಪಕ್ಕದವರು ಬಂದು ಕೆಂಪರಾಜನನ್ನು ಕಾರಿನಲ್ಲಿ ಹೊಸಕೋಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅರ್ಪಿತ ಮಾತಾಡಲಾಗದೆ ತನ್ನ ಫೋನಿನಲ್ಲಿ ಒಂದು ನಂಬರು ಒತ್ತಿ ಅತ್ತೆಯ ಕೈಗೆ ಕೊಟ್ಟಳು. ಆ ಕಡೆ ಇದ್ದವಳು ಮಮತ, ಹೊಸಕೋಟೆಯ ಕೋರ್ಟಿನಲ್ಲಿ ವಕೀಲೆ. ಗಂಡನ ಏಟಿನ ವಿಷಯವಾಗಿ ಅರ್ಪಿತ ಆ ವಾರ ಎರಡು ಸಲ ಅವಳ ಜೊತೆ ಮಾತಾಡಿದ್ದಳು. ಫೋನು ಕೊಡಲ್ಲ ಅಂದದ್ದು ಆ ಕಾರಣಕ್ಕೆ.

"ಮುಖ ತೊಳೀಬೇಡಿ, ಬಟ್ಟೆ ಬದಲಾಯಿಸ್ಬೇಡಿ" ಅಂದಳು ಮಮತ. "ಈಗಲೇ ಇಬ್ಬರೂ ಆಸ್ಪತ್ರೆಗೆ ಹೋಗಿ. ಅವಳ ಕುತ್ತಿಗೆ ಮೇಲಿರೋ ಗುರುತು, ನಿಮ್ಮ ಕೈ ಗಾಯ, ಎಲ್ಲಾ ಡಾಕ್ಟ್ರ ಹತ್ರ ಬರೆಸಿ. ಏನಾಯ್ತು ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ."

ಮಗುವನ್ನು ಸೊಂಟಕ್ಕೇರಿಸಿಕೊಂಡು ಇಬ್ಬರೂ ಆಟೋದಲ್ಲಿ ಸೂಲಿಬೆಲೆಗೆ ಹೋದರು. ಡಾಕ್ಟರು ಅರ್ಪಿತಳ ಕುತ್ತಿಗೆಯ ಎರಡೂ ಕಡೆಯ ಬೆರಳಿನ ಗುರುತುಗಳನ್ನು ನೋಡಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಒಳಗೆ ರಕ್ತದ ಚುಕ್ಕೆಗಳಿವೆ ಎಂದು ಬರೆದುಕೊಂಡರು. ಬರೆಯುತ್ತಾ ಅವರು ಹೇಳಿದ ಮಾತು ಮುನಿವೆಂಕಟಮ್ಮನ ಕಿವಿಯಲ್ಲಿ ಉಳಿದುಬಿಟ್ಟಿತು: "ಇನ್ನೊಂದು ಸ್ವಲ್ಪ ಹೊತ್ತು ಆಗಿದ್ರೆ ಇಲ್ಲಿಗೆ ಕರ್ಕೊಂಡು ಬಂದು ಪ್ರಯೋಜನ ಇರ್ತಿರಲಿಲ್ಲ."

ಸಂಜೆ ಅವಳ ತಮ್ಮ ಗೋಪಾಲಪ್ಪ ಹೊಸಕೋಟೆಯ ಆಸ್ಪತ್ರೆಯಿಂದ ನೇರ ಮನೆಗೆ ಬಂದ. ಅದೇ ಊರಿನಲ್ಲಿ ಎರಡು ಬೀದಿ ಆಚೆಗೆ ಅವನ ಮನೆ. ಬಂದವನು ಅಕ್ಕನ ಮುಂದೆ ಕೂತ.

"ಪೊಲೀಸ್ನೋರು ಬಂದು ಹೇಳಿಕೆ ಬರ್ಕೊಂಡ್ರು ಅಕ್ಕಾ. ಹೆಂಡ್ತಿ ಹೊಡೆದ್ಲು ಅಂತ ಹೇಳವ್ನೆ."

"ಅರ್ಪಿತಾನಾ? ನನ್ನ ಮುಖ ನೋಡಿದ್ನಲ್ಲೋ ಅವನು!"

"ಹೆತ್ತ ತಾಯಿ ಕೈ ಮುರಿದ್ಲು ಅಂತ ಹೆಂಗಕ್ಕಾ ಹೇಳ್ತಾನೆ?" ಗೋಪಾಲಪ್ಪ ದನಿ ಇಳಿಸಿದ. "ನೋಡು, ಇದು ದೊಡ್ಡ ಕೇಸು ಆಗ್ತದೆ. ಕೊಟ್ಟಿಗೇಲಿ ಕಾಲು ಜಾರಿ ಬಿದ್ದ ಅಂತ ಎಲ್ಲಾರೂ ಒಂದೇ ಮಾತು ಹೇಳ್ಬಿಡಾಣ. ಅವನನ್ನ ನಾನು ಒಪ್ಪಿಸ್ತೀನಿ. ಸೊಸೆನೂ ಉಳೀತಾಳೆ, ನೀನೂ ಉಳೀತೀಯ."

"ಅವನು ಕತ್ತು ಹಿಸುಕಿದ್ದು?"

ಗೋಪಾಲಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಜಾರಿ ಬಿದ್ದ ಅಂದ್ರೆ ಅದೂ ಇಲ್ಲ ಅಂತಾಯ್ತಲ್ಲೋ. ನಾಳೆ ಮನೆಗೆ ಬರ್ತಾನೆ, ನಾಡಿದ್ದು ಮತ್ತೆ ಹಿಸುಕ್ತಾನೆ. ಆಗ ನಾನು ಹಿತ್ತಲಲ್ಲಿ ಇರ್ತೀನೋ ಇಲ್ವೋ" ಅಂದಳು ಮುನಿವೆಂಕಟಮ್ಮ.

ಮಾರನೇ ದಿನ ಬೆಳಿಗ್ಗೆ ಅರ್ಪಿತಳನ್ನು ಕರೆದುಕೊಂಡು ಹೋಗಲು ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಬಂದರು. ಮುನಿವೆಂಕಟಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅವಳಲ್ಲ ತಾಯಿ. ಹೊಡೆದೋಳು ನಾನು."

ಸಬ್‌ಇನ್‌ಸ್ಪೆಕ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಮಗನ್ನ ಉಳಿಸೋಕೆ ಸುಳ್ಳು ಹೇಳೋ ಅತ್ತೇರನ್ನ ದಿನಾ ನೋಡ್ತೀನಿ. ಸೊಸೆನ ಉಳಿಸೋಕೆ ಹೇಳ್ತಿರೋರು ನೀವೇ ಮೊದಲು."

ಮುನಿವೆಂಕಟಮ್ಮ ಕಟ್ಟು ಬಿಚ್ಚಿ ಅಂಗೈ ಚಾಚಿದಳು. ಸನಿಕೆಯ ಅಂಚು ಕೂತ ಜಾಗ ನೇರವಾಗಿ ಸೀಳಿತ್ತು. ಸಬ್‌ಇನ್‌ಸ್ಪೆಕ್ಟರ್ ಕೊಟ್ಟಿಗೆಗೆ ಹೋಗಿ ಸನಿಕೆ ನೋಡಿದರು, ಅರ್ಪಿತಳ ಕುತ್ತಿಗೆ ನೋಡಿದರು. ಆಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಕೆಂಪರಾಜನ ಮೇಲೆ ಅರ್ಪಿತ ಕೊಟ್ಟ ದೂರನ್ನೂ ಬರೆದುಕೊಂಡರು. ಆದರೆ ಮೂಳೆ ಮುರಿದ ಪ್ರಕರಣವನ್ನು ಕೈಬಿಡುವ ಹಾಗಿರಲಿಲ್ಲ. ಸರಿಯೋ ತಪ್ಪೋ ಕೋರ್ಟೇ ಹೇಳಬೇಕು ಅಂದರು. ಆ ಮಧ್ಯಾಹ್ನವೇ ಮುನಿವೆಂಕಟಮ್ಮನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ಮಮತ ಹಾಕಿದ್ದ ಅರ್ಜಿಗೆ ಜಾಮೀನು ಸಿಕ್ಕಿತು. ಹೊಣೆ ನಿಂತವನು ಗೋಪಾಲಪ್ಪ. ಅಕ್ಕನ ಮೇಲೆ ಸಿಟ್ಟಿದ್ದರೂ ತನ್ನ ಹೊಲದ ಪಹಣಿ ಹಿಡಿದುಕೊಂಡು ಮುಂಚೆಯೇ ಬಂದು ಕಾದಿದ್ದ.

ಮಮತಳ ಕಚೇರಿ ಕೋರ್ಟಿನ ಎದುರಿಗೆ, ಜೆರಾಕ್ಸ್ ಅಂಗಡಿಯ ಮೇಲೆ. ಅಲ್ಲಿ ಕೂರಿಸಿಕೊಂಡು ಅವಳು ಬಿಡಿಸಿ ಹೇಳಿದಳು.

"ಅಮ್ಮ, ಒಬ್ಬರ ಪ್ರಾಣಕ್ಕೆ ಅಪಾಯ ಬಂದಾಗ ಅವರು ತಿರುಗಿ ಹೊಡೀಬಹುದು. ಕಾನೂನು ಅದನ್ನ ಅಪರಾಧ ಅನ್ನಲ್ಲ. ಹಳೇ ಕಾನೂನಿನಲ್ಲೂ ಈ ಹಕ್ಕಿತ್ತು, ಈಗಿನ ನ್ಯಾಯ ಸಂಹಿತೆಯಲ್ಲೂ ಇದೆ. ತನ್ನ ಪ್ರಾಣಕ್ಕೆ ಮಾತ್ರ ಅಲ್ಲ, ಇನ್ನೊಬ್ಬರ ಪ್ರಾಣ ಉಳಿಸೋಕೂ ಇದೆ. ಪ್ರಾಣ ತೆಗೆಯೋಕೆ ಬಂದವನು ಮಗ ಆಗಿರಲಿ, ಗಂಡ ಆಗಿರಲಿ, ಅದರಿಂದ ಹಕ್ಕು ಹೋಗಲ್ಲ."

"ಹಂಗಾದ್ರೆ ಕೇಸ್ ಯಾಕೆ ತಾಯಿ?"

"ಎಷ್ಟು ಬೇಕೋ ಅಷ್ಟೇ ಹೊಡೆದ್ರಾ ಅಂತ ನೋಡ್ತಾರೆ. ಅಪಾಯ ಮುಗಿದ ಮೇಲೂ ಸಿಟ್ಟಿಗೆ ಹೊಡೆದಿದ್ರೆ ಅದು ರಕ್ಷಣೆ ಅಲ್ಲ. ಇನ್ನೊಂದು ಮಾತು. ಈ ಹಕ್ಕು ಕೇಳಬೇಕಾದ್ರೆ ಹೊಡೆದದ್ದು ಹೌದು ಅಂತ ಒಪ್ಕೊಳ್ಳೋದೇ ಒಳ್ಳೇದು. ಹೊಡೀಲೇ ಇಲ್ಲ ಅಂತಾನೂ ಹೇಳಿ, ಉಳಿಸೋಕೆ ಹೊಡೆದೆ ಅಂತಾನೂ ಹೇಳಿದ್ರೆ ಎರಡೂ ನಿಲ್ಲಲ್ಲ."

"ಒಪ್ಕೊಳ್ಳೋಕೇನು, ಹೊಡೆದಿದೀನಲ್ಲ" ಅಂದಳು ಮುನಿವೆಂಕಟಮ್ಮ.

ಕೇಸು ಒಂದೂವರೆ ವರ್ಷ ನಡೆಯಿತು. ಮನೆಯಲ್ಲಿ ಅರ್ಪಿತ ಮತ್ತು ಮಗು ಇರಬೇಕು, ಕೆಂಪರಾಜ್ ಅತ್ತ ಸುಳಿಯಬಾರದು ಎಂದು ಕೋರ್ಟಿನಿಂದ ಆದೇಶವಾಯಿತು. ಅವನು ಹೊಸಕೋಟೆಯಲ್ಲಿ ರೂಮು ಮಾಡಿದ. ಬೀದಿಯ ಹೆಂಗಸರು ಮುನಿವೆಂಕಟಮ್ಮನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಮಗನ ಕೈ ಮುರಿದವಳು ಅನ್ನುವುದು ಅವಳ ಹೆಸರೇ ಆಗಿಹೋಯಿತು. ಹಾಗೆ ಮಾತು ನಿಲ್ಲಿಸಿದವರಲ್ಲೇ ಒಬ್ಬಳು, ಮುನಿಲಕ್ಷ್ಮಮ್ಮ, ಒಂದು ದಿನ ಮಧ್ಯಾಹ್ನ ಹಿತ್ತಲ ಬಾಗಿಲಿಂದ ಬಂದು, "ಆ ಲಾಯರಮ್ಮನ ನಂಬರ್ ಇದ್ರೆ ಕೊಡಕ್ಕಾ, ನನ್ನ ಮಗಳಿಗೆ" ಎಂದು ಕೇಳಿ, ಸೆರಗಿನ ಗಂಟಿಗೆ ಚೀಟಿ ಕಟ್ಟಿಕೊಂಡು ಹೋದಳು.

ಮುನಿವೆಂಕಟಮ್ಮನಿಗೆ ಊರಿನ ಮಾತಿಗಿಂತ ಹೆಚ್ಚು ನೋವಾದದ್ದು ತನ್ನ ತಟ್ಟೆಯ ಮುಂದೆ. ಬಸ್ಸಾರು ಮಾಡಿದ ದಿನ ಅವಳಿಗೆ ಮುದ್ದೆ ಇಳಿಯುತ್ತಿರಲಿಲ್ಲ. ಅದು ಕೆಂಪರಾಜನಿಗೆ ಬಲು ಇಷ್ಟ. ಗೋಪಾಲಪ್ಪ ಬಂದಾಗಲೆಲ್ಲ, "ಕೈ ಹೆಂಗೈತೆ ಅವನದು? ಎಡಗೈಲಿ ಊಟ ಮಾಡ್ತಾನಾ?" ಎಂದು ಕೇಳುತ್ತಿದ್ದಳು. ಅರ್ಪಿತ ಅಲ್ಲೇ ಇದ್ದರೆ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಸಲ ಮಾತ್ರ ಹೋಗಲಿಲ್ಲ. "ಅತ್ತೆ, ನನಗಾಗಿ ನಿಮ್ಮ ಮಗ ದೂರ ಆದ್ರು" ಅಂದಳು.

"ನಿನಗಾಗಿ ಅಲ್ಲ" ಅಂದಳು ಮುನಿವೆಂಕಟಮ್ಮ. "ಮೊದಲನೇ ಸಲ ನಿನ್ನ ತುಟಿ ಒಡೆದಾಗಲೇ ನಾನು ಅವನ ಕೈ ಹಿಡೀಬೇಕಿತ್ತು ಕಣಮ್ಮ. ಅವತ್ತು ಹಿಡಿದಿದ್ರೆ ಮುರಿಯೋ ಗಂಟ ಬರ್ತಿರಲಿಲ್ಲ" ಅಂದಳು. ಅರ್ಪಿತ ಅಳುತ್ತಾ ಅವಳ ಪಕ್ಕ ಕೂತಳು. ಅವತ್ತು ಇಬ್ಬರೂ ಊಟ ಮಾಡಿದ್ದು ಹೊತ್ತು ಮೀರಿದ ಮೇಲೆ.

ವಿಚಾರಣೆ ಬಂತು. ಡಾಕ್ಟರು ಬಂದು ತಾವು ಬರೆದದ್ದನ್ನು ಓದಿ ಹೇಳಿದರು. ಅರ್ಪಿತ ಹೇಳಿದಳು. ಕೆಂಪರಾಜ್ ಸಾಕ್ಷಿಕಟ್ಟೆಗೆ ಹತ್ತಿದಾಗ ಮುನಿವೆಂಕಟಮ್ಮ ಅವನ ಬಲಗೈಯನ್ನೇ ನೋಡುತ್ತಿದ್ದಳು. ಮೊಣಕೈಯ ಕೆಳಗೆ ಸ್ವಲ್ಪ ಸೊಟ್ಟಗಿತ್ತು. ಹೆಂಡತಿ ಹೊಡೆದಳು ಎಂದು ಮೊದಲು ಹೇಳಿದ್ದು ಯಾಕೆ ಎಂದು ಸರ್ಕಾರಿ ವಕೀಲರು ಕೇಳಿದಾಗ, "ಗಾಬರಿಯಲ್ಲಿ ಹಾಗಂದೆ. ಹೊಡೆದಿದ್ದು ನಮ್ಮ ತಾಯಿ" ಅಂದ. ಮಾತಿಗೆ ಮಾತು ಬೆಳೆದು ಹೆಂಡತಿಯನ್ನು ಬರೀ ತಳ್ಳಿದೆ, ಅಷ್ಟಕ್ಕೇ ತಾಯಿ ಹಿಂದಿನಿಂದ ಬಂದು ಹೊಡೆದರು ಎಂದ.

ಮಮತ ಪಾಟೀಸವಾಲಿಗೆ ಎದ್ದಳು. "ಎರಡನೇ ಏಟು ಬಿದ್ದಾಗ ನಿಮ್ಮ ಕೈ ಎಲ್ಲಿತ್ತು?"

"ನೆನಪಿಲ್ಲ."

"ಕೈಗೇ ಏಟು ಬಿದ್ದಿದೆ. ಕೈ ಎಲ್ಲಿತ್ತು ಅನ್ನೋದು ನೆನಪಿಲ್ವಾ? ಹೆಂಡತಿಯ ಮೈ ಮೇಲಿತ್ತೋ, ಇಲ್ವೋ?"

ಕೆಂಪರಾಜ್ ತಲೆ ತಗ್ಗಿಸಿದ. ನ್ಯಾಯಾಧೀಶರು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಅವನು ತಾಯಿ ಕೂತಿದ್ದ ಕಡೆ ಒಂದು ಸಲ ನೋಡಿ, "ಇತ್ತು" ಅಂದ. ಅಷ್ಟೇ ಅಂದ.

ಬೇಕಿಲ್ಲದಿದ್ದರೆ ಸಾಕ್ಷಿಕಟ್ಟೆಗೆ ಹತ್ತುವುದು ಬೇಡ ಎಂದು ಮಮತ ಮುನಿವೆಂಕಟಮ್ಮನಿಗೆ ಹೇಳಿದ್ದಳು. ಹತ್ತಿದರೆ ಸರ್ಕಾರಿ ವಕೀಲರು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡಬೇಕಾಗುತ್ತದೆ. ಮುನಿವೆಂಕಟಮ್ಮ, "ಕೇಳ್ಲಿ" ಅಂದಳು. ಹತ್ತಿ ನಿಂತು, ಹಿತ್ತಲಿಂದ ಓಡಿ ಬಂದಲ್ಲಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು.

ಸರ್ಕಾರಿ ವಕೀಲರು ಕಟುವಾಗಿಯೇನೂ ಇರಲಿಲ್ಲ. ಆದರೆ ಅವರ ಕೆಲಸ ಅವರು ಮಾಡಬೇಕಿತ್ತು.

"ಅಕ್ಕಪಕ್ಕದವರನ್ನ ಕರೀಬಹುದಿತ್ತಲ್ಲ?"

"ಕೂಗಿದೆ ಸ್ವಾಮಿ. ಕೈ ಹಿಡಿದು ಎಳೆದೆ. ನೂಕಿದ. ಜನ ಬರೋ ಗಂಟ ಅವಳ ಉಸಿರು ಕಾಯಬೇಕಲ್ಲ."

"ಸನಿಕೆ ಅಂದ್ರೆ ಕಬ್ಬಿಣದ ಆಯುಧ. ಅದರಲ್ಲಿ ಹೊಡೆದ್ರೆ ಸಾಯ್ತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಕಬ್ಬಿಣದ ಕಡೆ ನಾನು ಹಿಡ್ಕೊಂಡೆ. ಕಾವಿನ ಕಡೇಲಿ ಹೊಡೆದೆ" ಎಂದು ಅವಳು ಅಂಗೈ ತೋರಿಸಿದಳು. ಡಾಕ್ಟರು ಬರೆದ ಕಾಗದದಲ್ಲಿ ಆ ಗಾಯವೂ ಇದೆ ಎಂದು ಮಮತ ಎದ್ದು ತಿಳಿಸಿದಳು.

"ಒಂದು ಏಟು ಹೊಡೆದ್ರಿ ಸರಿ. ಎರಡನೇದು ಯಾಕೆ?"

"ಮೊದಲನೇ ಏಟಿಗೆ ಬಿಡಲಿಲ್ಲ."

"ಮೂರನೇದಕ್ಕೂ ಎತ್ತಿದ್ರಿ ಅಂತ ನೀವೇ ಹೇಳಿದ್ರಲ್ಲ. ಸಿಟ್ಟಿತ್ತು ಅಂತ ತಾನೇ ಅರ್ಥ?"

ಮಮತ ಕಾಗದದಿಂದ ತಲೆ ಎತ್ತಿದಳು. ಈ ಮೂರನೇ ಏಟಿನ ಮಾತನ್ನು ಬೇರೆ ಯಾವ ಸಾಕ್ಷಿಯೂ ಹೇಳಿರಲಿಲ್ಲ. ಮುನಿವೆಂಕಟಮ್ಮ ತಾನಾಗಿ ಹೇಳದೆ ಇದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಸಿಟ್ಟು ಇತ್ತು ಸ್ವಾಮಿ, ಇರಲಿಲ್ಲ ಅನ್ನಲ್ಲ. ಆದ್ರೆ ಎತ್ತಿದಾಗ ಅವನ ಕೈ ಬಿಟ್ಟಿತ್ತು. ಬಿಟ್ಟ ಮೇಲೆ ಯಾಕೆ ಹೊಡೀಲಿ? ನನ್ನ ಮಗ ಅಲ್ವಾ ಅವನು."

ಸರ್ಕಾರಿ ವಕೀಲರು ಕಾಗದ ತಿರುವಿದರು. "ಕೊನೇ ಪ್ರಶ್ನೆ. ನಿಮ್ಮ ಮಗ ನಿಜವಾಗಿ ಕೊಲೆ ಮಾಡಿಬಿಡ್ತಾನೆ ಅಂತ ನಿಮಗೆ ಅನ್ನಿಸ್ತಾ? ಹೆತ್ತ ಮಗನ ಬಗ್ಗೆ?"

ಮುನಿವೆಂಕಟಮ್ಮ ಕಟಕಟೆಯ ಮರ ಹಿಡಿದುಕೊಂಡಳು. "ನಾನು ಅವನ ಮುಖ ನೋಡಲಿಲ್ಲ. ಅವಳ ಕಾಲು ನೋಡಿದೆ. ಒದ್ದಾಡ್ತಿದ್ದ ಕಾಲು ನಿಂತೋಗ್ತಾ ಇತ್ತು. ಇನ್ನೊಂದು ಚೂರು ಹೊತ್ತು ಬಿಟ್ಟಿದ್ರೆ ಅವಳೂ ಇರ್ತಿರಲಿಲ್ಲ, ಇವನೂ ಜೈಲಲ್ಲಿ ಕೊಳೀತಿದ್ದ. ಮಗು ಒಳಗೆ ಮಲಗಿತ್ತು ಸ್ವಾಮಿ." ಸರ್ಕಾರಿ ವಕೀಲರು ಇನ್ನೇನೂ ಕೇಳದೆ ಕೂತರು.

ತೀರ್ಪು ಬಂದದ್ದು ಆಷಾಢದ ಒಂದು ಶುಕ್ರವಾರ. ನ್ಯಾಯಾಧೀಶರು ಕೊನೆಯ ಭಾಗವನ್ನು ಕನ್ನಡದಲ್ಲೇ ಓದಿದರು. ಕಣ್ಣೆದುರಿಗೆ ಒಬ್ಬರ ಉಸಿರು ಕಟ್ಟುತ್ತಿರುವಾಗ, ಬಿಡಿಸಲು ಬಂದವರು ಏಟಿನ ಅಳತೆಯನ್ನು ಕೂತು ಲೆಕ್ಕ ಹಾಕಲಾಗುವುದಿಲ್ಲ. ಆದರೂ ಈ ತಾಯಿ ಅಪಾಯ ನಿಂತ ಕ್ಷಣಕ್ಕೆ ಕೈ ನಿಲ್ಲಿಸಿದ್ದಾರೆ. ಸೊಸೆಯ ಪ್ರಾಣ ಉಳಿಸಲು ಮಾಡಿದ ಈ ಕೃತ್ಯ ಅಪರಾಧವಲ್ಲ ಎಂದರು. ಅರ್ಪಿತ ಕೊಟ್ಟಿದ್ದ ದೂರಿನ ವಿಚಾರಣೆ ಬೇರೆಯಾಗಿ ಮುಂದುವರಿಯುತ್ತದೆ ಎಂದೂ ಹೇಳಿದರು. ಬಿಡುಗಡೆ ಅನ್ನುವುದು ಮುನಿವೆಂಕಟಮ್ಮನಿಗೆ ಕೂಡಲೇ ತಿಳಿಯಲಿಲ್ಲ. ಮಮತ ಹತ್ತಿರ ಬಂದು ಭುಜ ಮುಟ್ಟಿ, "ಮುಗೀತಮ್ಮ, ಮನೆಗೆ ಹೋಗಿ" ಅಂದ ಮೇಲೆ ಕೈ ಮುಗಿದಳು.

ಹೊರಗೆ ಹೊಂಗೆ ಮರದ ಕೆಳಗೆ ಕೆಂಪರಾಜ್ ಬೈಕಿಗೆ ಒರಗಿ ನಿಂತಿದ್ದ. ಮುನಿವೆಂಕಟಮ್ಮ ಸೊಸೆಯನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸಿ ತಾನೊಬ್ಬಳೇ ಅವನ ಬಳಿ ಹೋದಳು.

"ನೋಯ್ತದೇನೋ ಇನ್ನೂ?"

"ಚಳಿ ಬಂದ್ರೆ ಎಳೀತದೆ" ಅಂದ ಅವನು, ಬೇರೆ ಕಡೆ ನೋಡುತ್ತಾ. "ಅಮ್ಮ, ಮಗೂನ ನೋಡ್ಬೇಕು. ಮನೆಗೆ ಬರ್ಲಾ?" ಎಂದ.

ಬಾರೋ ಅನ್ನುವ ಮಾತು ಮುನಿವೆಂಕಟಮ್ಮನ ನಾಲಗೆಯ ತುದಿಗೆ ಬಂದಿತ್ತು.

"ನಾನು ಬಾ ಅಂದ್ರೆ ಆಗಲ್ಲ ಕಣೋ, ಕೋರ್ಟು ಬೇಡ ಅಂದದೆ" ಅಂದಳು. "ಮಗೂನ ನೋಡೋ ವಿಷಯ ಗೋಪಾಲಪ್ಪ ಮಾವನ ಕೈಲಿ ಹೇಳಿಕಳಿಸು, ಲಾಯರಮ್ಮನ್ನ ಕೇಳಾಣ. ಅರ್ಪಿತ ಹೂಂ ಅಂದ್ರೆ ಮಾವನ ಮನೇಲಿ ಬಂದು ನೋಡು. ಅವಳು ಬೇಡ ಅಂದ್ರೆ ನಾನೂ ಬೇಡ ಅಂತೀನಿ."

ಕೆಂಪರಾಜ್ ಮೆಟ್ಟಿಲ ಕಡೆ ನೋಡಿದ. ಅರ್ಪಿತ ಬ್ಯಾಗು ಎದೆಗೆ ಅವಚಿಕೊಂಡು ನಿಂತಿದ್ದಳು, ಅವಳೂ ನೋಡುತ್ತಿದ್ದಳು. ಅವನು ಹೆಲ್ಮೆಟ್ ಹಾಕಿಕೊಂಡು, ಎಡಗೈಯಲ್ಲೇ ಬೈಕು ತಿರುಗಿಸಿಕೊಂಡು ಹೊರಟ. ಗೇಟು ದಾಟಿ ಹೆದ್ದಾರಿಯ ಕಡೆ ಮರೆಯಾಗುವ ತನಕ ಮುನಿವೆಂಕಟಮ್ಮ ನಿಂತೇ ಇದ್ದಳು. ಅರ್ಪಿತ ಬಂದು ಕೈ ಹಿಡಿದಳು. ಏನು ಮಾತಾಯಿತು ಎಂದು ಅವಳು ಕೇಳಲಿಲ್ಲ. ಸೂಲಿಬೆಲೆ ಬಸ್ಸು ಹೊರಡುವ ಹೊತ್ತಾಗಿತ್ತು. ಅತ್ತೆ ಸೊಸೆ ಇಬ್ಬರೂ ರಸ್ತೆ ದಾಟಿದರು.